ಸದ್ದಿಲ್ಲದೆ ಇಳಿದ ಗಾಡಿ

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುವುದಿಲ್ಲವೆಂದು ಸುಮ್ಮನಿರುತ್ತಾರೆಯೇ ಎಂದರೆ ಅದೂ ಇಲ್ಲ. ಮೂಗು ತುರಿಸಿಕೊಳ್ಳುತ್ತ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡು ಕೂರುತ್ತಾರೆ. ಆ ಭಾನುವಾರ ಸಂಜೆ ಮೊಣಕೈ ತರಚಿಕೊಂಡು, ಪ್ಯಾಂಟಿನ ಮಂಡಿ ಹರಿದುಕೊಂಡು ಮನೆಗೆ ಬಂದಾಗ ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ, ಇವರೇ ಶುರು ಮಾಡಿದರು.

“ಜಾಂಬೋಟಿ ರೋಡಿನ್ಯಾಗ ಭತ್ತದ ಹುಲ್ಲ ಹಾಸಿದ್ರು. ಗಾಡಿ ಜಾರಿತು. ಬ್ಯಾರೆ ಏನೂ ಇಲ್ಲ. ಯಾರಿಗೂ ಏನೂ ಆಗಿಲ್ಲ.”

ಹೋದವರು ಒಬ್ಬರೇ, ಬಿದ್ದವರೂ ಒಬ್ಬರೇ. ಅದರಲ್ಲಿ ‘ಯಾರಿಗೂ’ ಎಂಬ ಮಾತು ಎಲ್ಲಿಂದ ಬಂತು? ನನ್ನ ಕಿವಿ ಅಲ್ಲಿಗೇ ನೆಟ್ಟಗಾಯಿತು. ಅನುಮಾನ ನನ್ನ ಹುಟ್ಟುಗುಣ. ತರಕಾರಿಯವಳು ತಾನಾಗಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೂ ಬದನೆಕಾಯಿಯನ್ನು ಮತ್ತೊಮ್ಮೆ ತಿರುಗಿಸಿ ನೋಡುವವಳು ನಾನು.

ಅರಿಸಿನ ಹಚ್ಚುತ್ತ ಇವರ ಮುಖ ನೋಡಿದೆ. ಇವರು ಗೋಡೆ ನೋಡಿದರು. ನಮ್ಮದು ಬೆಳಗಾವಿಯ ವಡಗಾವಿ ಓಣಿ. ಬೆಳಗಾದರೆ ಮಗ್ಗದ ಸದ್ದು, ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ಹೋಗಲು ಬಾಗಿಲು ಬೇಕಿಲ್ಲ. ನನ್ನ ಗಂಡ ಹಿಂದೊಮ್ಮೆ ಬೈಕಿನಿಂದ ಜಾರಿ ಬಿದ್ದಾಗ ಆ ಕಥೆಯನ್ನು ಓಣಿ ತುಂಬ ಹೇಳಿಕೊಂಡು ತಿರುಗಿದ್ದರು. ಹೇಳಿದಷ್ಟೂ ಹೊಂಡ ಆಳವಾಗುತ್ತಿತ್ತು, ಗಾಡಿಯ ವೇಗ ಏರುತ್ತಿತ್ತು. ಈ ಸಲ ಮಾತ್ರ ಬಾಯಿಗೆ ಬೀಗ. ಗಾಡಿಯನ್ನು ಎಂದಿನಂತೆ ಕಟ್ಟೆಯ ಮುಂದೆ ನಿಲ್ಲಿಸದೆ ಹಿತ್ತಲಿಗೆ ತಳ್ಳಿಕೊಂಡು ಹೋಗಿ ಮೇಲೆ ಹಳೆಯ ಜಮಖಾನೆ ಹೊದಿಸಿದರು. ಆ ಗಾಡಿಯೆಂದರೆ ಜೀವ ಬಿಡುವ ಮನುಷ್ಯ. ಭಾನುವಾರ ಅದಕ್ಕೆ ಆಗುವ ಸ್ನಾನ ನಮ್ಮ ಮಕ್ಕಳಿಗೆ ಹಬ್ಬಕ್ಕೂ ಆಗಿಲ್ಲ. ಸೋಮವಾರ ಅದನ್ನು ಮುಟ್ಟದೆ, ಕೈ ನೋಯುತ್ತದೆಂದು ಉದ್ಯಮಬಾಗದ ಫೌಂಡ್ರಿಗೆ ರಜೆ ಹೇಳಿ ಕಳಿಸಿದರು.

ಮೊದಲಿಗೆ ನನ್ನ ಬುದ್ಧಿ ಹೋಗಿದ್ದು ಎಲ್ಲ ಹೆಂಡಂದಿರ ಬುದ್ಧಿ ಹೋಗುವ ಕಡೆಗೇ. ಪ್ರತಿ ಭಾನುವಾರ ಜಾಂಬೋಟಿ, ಖಾನಾಪುರ ಅಂತ ಅಷ್ಟು ದೂರ ಏನು ಕೆಲಸ? ಕೇಳಿದರೆ ‘ಗಾಡಿ ತಿರುಗಸ್ಕೊಂಡ ಬರಾಕ’ ಎನ್ನುತ್ತಾರೆ. ಗಾಡಿ ಏನು ಎಮ್ಮೆಯೇ, ಮೇಯಿಸಿಕೊಂಡು ಬರಲು? ಆದರೆ ಇನ್ನೊಬ್ಬಳ ಮನೆಗೆ ಹೋಗುವ ಗಂಡಸು ಎಣ್ಣೆ ಹಿಡಿದ ಅಂಗಿ ಹಾಕಿಕೊಂಡು ಹೋಗಲಾರ. ಆ ಅನುಮಾನವನ್ನು ನಾನೇ ಕೈಬಿಟ್ಟೆ.

ಇವರು ಮಲಗಿದ್ದಾಗ ಹಿತ್ತಲಿಗೆ ಹೋಗಿ ಜಮಖಾನೆ ಎತ್ತಿದೆ. ಒಂದು ಬದಿಯ ಕನ್ನಡಿ ಇರಲಿಲ್ಲ. ಮುಂದಿನ ಗಾರ್ಡು ಒಳಕ್ಕೆ ಮಣಿದಿತ್ತು. ಕಾಲಿಡುವ ಕಡ್ಡಿಯ ಸ್ಪ್ರಿಂಗಿನ ಸಂದಿಯಲ್ಲಿ ಏನೋ ಮೆತ್ತಿಕೊಂಡಿತ್ತು, ಉಗುರಿನಿಂದ ಕೆದಕಿದೆ. ಹುಲ್ಲಲ್ಲ. ಪದರು ಪದರಾಗಿ ಉದುರಿತು. ಮೂಸಿ ನೋಡಿದರೆ ಬೇಕರಿಯ ವಾಸನೆ. ಖಾರಿ! ಚಹಾಕ್ಕೆ ಅದ್ದಿಕೊಂಡು ತಿನ್ನುವ ಖಾರಿ.

“ರೀ, ಗಾಡ್ಯಾಗ ಖಾರಿ ಎಲ್ಲಿಂದ ಬಂತು?”

ಇವರು ಎದ್ದು ಕೂತು ಮೂಗು ತುರಿಸಿಕೊಂಡರು. “ಖಾನಾಪುರದಾಗ ಚಹಾ ಕುಡಿದ್ನಲ್ಲ, ಖಾರಿ ತಿಂದೆ.”

“ಕಾಲ್ಲೆ ತಿಂದ್ರೇನು?”

ಆ ರಾತ್ರಿ ತಟ್ಟೆಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಹೊರಗೆ ಯಾರದೋ ಗಾಡಿ ನಿಂತ ಸದ್ದಾದರೆ ಬೆಚ್ಚಿಬೀಳುತ್ತಿದ್ದರು. ಕಿಟಕಿಯ ಸಂದಿಯಿಂದ ನೋಡಿ ಬಂದು ಮತ್ತೆ ಮಲಗುತ್ತಿದ್ದರು. ನಾನು ಅದನ್ನೆಲ್ಲ ನೋಡುತ್ತಲೇ ಇದ್ದೆ. ನೋಡುತ್ತಿದ್ದೇನೆಂದು ಇವರಿಗೂ ಗೊತ್ತಿತ್ತು.

ನನ್ನ ಅತ್ತೆ ಸಿದ್ದಕ್ಕ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಮೂಲೆಯಲ್ಲಿ ಕೂತಿದ್ದರೂ ಆಕೆಯ ಕಣ್ಣಿಗೆ ಏನೂ ತಪ್ಪುವುದಿಲ್ಲ. ಆದರೆ ನನಗೆ ಕಳ್ಳತನ ಕಂಡಲ್ಲಿ ಆಕೆಗೆ ಕಂಡದ್ದು ಅಂಜಿಕೆ.

“ತ್ರಿವೇಣಿ, ಹುಡುಗಗ ಅಂಜಿಕಿ ಹೊಕ್ಕೈತಿ. ಎಲ್ಲಿ ಬಿದ್ದಾನೋ ಅಲ್ಲೇ ಹೋಗಿ ಇಳಿಸಬೇಕು. ಬೇಸ್ತವಾರ ಹೋಗೂಣು.”

ಅತ್ತೆಯ ತವರು ನಂದಗಡ. ಅಲ್ಲಿಂದ ಆಕೆ ತಂದ ಪದ್ಧತಿ ಇದು. ಬಿದ್ದವರನ್ನು ಬಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸಬೇಕು. ಮೊಸರನ್ನದ ಮುಟಗಿ, ಅಂದರೆ ಒಂದು ಹಿಡಿ ಉಂಡೆ, ಕೈಯಲ್ಲಿ ಹಿಡಿದು, ‘ಅಂಜಿಕಿ ಎಲ್ಲಿ ಹತ್ತಿತು?’ ಎಂದು ಮೂರು ಸಲ ಕೇಳಬೇಕು. ಬಿದ್ದವರು ಮೂರು ಸಲವೂ ‘ಇಲ್ಲೇ’ ಅನ್ನಬೇಕು. ಆಮೇಲೆ ನಿವಾಳಿಸಿ ಅಲ್ಲೇ ಇಟ್ಟು, ಹಿಂದೆ ತಿರುಗಿ ನೋಡದೆ ಬರಬೇಕು. ಜಾಗ ತಪ್ಪಿದರೆ ಅಂಜಿಕೆ ಇಳಿಯುವುದಿಲ್ಲ, ಮುಟಗಿ ಹಿಡಿದವರಿಗೇ ಹತ್ತುತ್ತದೆ. ನನಗೆ ಇದರಲ್ಲಿ ಅರ್ಧ ನಂಬಿಕೆ. ಇವರಿಗೆ ಪೂರ್ತಿ. ಚಿಕ್ಕವರಿದ್ದಾಗ ಬಾವಿಯ ದಂಡೆಯಿಂದ ಬಿದ್ದಾಗಲೂ ಅವ್ವ ಹೀಗೆಯೇ ಇಳಿಸಿದ್ದರಂತೆ.

“ಆ ಕಡೀಗಿ ಹೋಗೂದ ಬ್ಯಾಡವ್ವಾ” ಎಂದರು ಇವರು.

“ಯಾಕ?”

“ಬಿಸಲ ಭಾಳ ಐತಿ.”

ಮಾಗಿಯ ಚಳಿಯಲ್ಲಿ ಬಿಸಿಲಂತೆ! ನಾನು ಬುತ್ತಿ ಕಟ್ಟತೊಡಗಿದೆ. ನಿಜ ಹೇಳಬೇಕೆಂದರೆ ನನಗೆ ಅಂಜಿಕೆ ಇಳಿಸುವುದಕ್ಕಿಂತ ಆ ಜಾಗ ನೋಡುವ ಆಸೆಯೇ ಹೆಚ್ಚಿತ್ತು.

ಬೇಸ್ತವಾರ ಬಸ್ಸು ಹಿಡಿದು ಖಾನಾಪುರಕ್ಕೆ ಬಂದೆವು. ಜಾಂಬೋಟಿ ಕಡೆಯ ಟ್ರ್ಯಾಕ್ಸು ಜೀಪು ಜನ ತುಂಬುವವರೆಗೆ ಹೊರಡುವುದಿಲ್ಲ, ಅಲ್ಲಿಯವರೆಗೆ ಸ್ಟ್ಯಾಂಡಿನ ಎದುರಿನ ಚಹಾದ ಅಂಗಡಿಯಲ್ಲಿ ಕೂತೆವು. ಅಂಗಡಿಯ ದುಂಡಪ್ಪ ಮಾತಿನ ಮನುಷ್ಯ. ಅತ್ತೆ ಚಹಾದ ಜೊತೆಗೆ ಖಾರಿ ಕೇಳಿದರು.

“ಖಾರಿ ಇಲ್ರೀ ಯವ್ವಾ. ಅದನ್ನ ತರೂ ಚಾಂದಸಾಬನೇ ದವಾಖಾನ್ಯಾಗ ಅದಾನ. ಸೈಕಲ್ಲಿಗಿ ಪೆಟಗಿ ಕಟಗೊಂಡು ಹಳ್ಳಿ ಹಳ್ಳಿಗಿ ಖಾರಿ, ಟೋಸ್ಟ್ ಒಯ್ತಿದ್ದ. ಭಾನುವಾರ ಜಾಂಬೋಟಿ ಕಡಿ ತಿರುವಿನ್ಯಾಗ ಯಾವನೋ ಗಾಡ್ಯಾಂವ ಹೊಡದ ಹ್ವಾದ. ನಿಂದರಲೂ ಇಲ್ಲಂತ.”

“ಅಂಥಾವನ ಕೈ ಸೇದಿಹೋಗ್ಲಿ” ಎಂದು ಶಪಿಸಿದರು ಅತ್ತೆ.

ನಾನು ಗಂಡನ ಕಡೆ ನೋಡಿದೆ. ಇವರು ತಮ್ಮ ಚಪ್ಪಲಿ ನೋಡುತ್ತಿದ್ದರು.

“ಆದ್ರ ಮುದುಕಂದೂ ತಪ್ಪ ಐತ್ರಿ” ದುಂಡಪ್ಪ ಬಸಿ ತಟ್ಟೆಗೆ ಚಹಾ ಸುರಿಯುತ್ತ ಹೇಳಿದ. “ಗಾಡಿ ಬಂದದ್ದೇ ಗೊತ್ತಾಗಲಿಲ್ಲ, ಸಪ್ಪಳೇ ಕೇಳಲಿಲ್ಲ ಅಂತಾನ. ಕಾಡಿನ್ಯಾಗ ಅಷ್ಟ ದೂರದಿಂದ ಗಾಡಿ ಸಪ್ಪಳ ಬರ್ತೈತಿ, ಕೇಳಲಿಲ್ಲಂದ್ರ ಹೆಂಗ್ರೀ? ಕಿವಿ ಹ್ವಾಗ್ಯಾವ. ಕಿವುಡಾಗಿ ನಡು ರೋಡಿನ್ಯಾಗ ಹೊಂಟ್ರ ಯಾರರ ಏನ ಮಾಡ್ಬೇಕು? ಎಲ್ಲಾರೂ ಹಂಗ ಅನ್ನಾಕತ್ಯಾರ.”

ಸಪ್ಪಳ ಕೇಳಲಿಲ್ಲ ಎಂಬ ಮಾತಿಗೆ ನಾನು ಕೈಯಲ್ಲಿದ್ದ ಬಸಿ ಕೆಳಗಿಟ್ಟೆ. ಏಕೆಂದರೆ ನನ್ನ ಗಂಡನ ಗಾಡಿಯ ಹಿಂದೆ ಕೂತವಳು ನಾನು. ಇಳುಕಲು ಬಂತೆಂದರೆ ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿಬಿಡುತ್ತಾರೆ. ಪೆಟ್ರೋಲ್ ಉಳಿಯುತ್ತದಂತೆ. ಫೌಂಡ್ರಿಯ ಗೆಳೆಯರಲ್ಲೆಲ್ಲ ಇದೇ ಪೈಪೋಟಿ, ಒಂದು ಲೀಟರಿಗೆ ಯಾರ ಗಾಡಿ ಎಷ್ಟು ಓಡುತ್ತದೆ ಎಂದು. ಯಾವ ಇಳುಕಲಿನಲ್ಲಿ ಎಲ್ಲಿ ಬಂದ್ ಮಾಡಿದರೆ ಎಲ್ಲಿಯವರೆಗೆ ಉರುಳುತ್ತದೆ ಎಂಬುದು ಇವರಿಗೆ ಬಾಯಿಪಾಠ. ಆಗ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ರಸ್ತೆಯ ಮೇಲಿನ ದನ ಕೂಡ ತಲೆ ಎತ್ತುವುದಿಲ್ಲ. ನಾನು ಹೆದರಿ ಅಂಗಿ ಹಿಡಿದುಕೊಂಡರೆ ಇವರಿಗೆ ನಗು.

ಟ್ರ್ಯಾಕ್ಸಿನ ಕಡೆ ಹೋಗುವಾಗ ಮೆಲ್ಲಗೆ ಕೇಳಿದೆ. “ಚಾವಿ ಬಂದ್ ಮಾಡಿದ್ರೇನ್ರಿ?”

“ಎಲ್ಲಿ?” ಎಂದು ಮೂಗು ತುರಿಸಿಕೊಂಡರು.

ಎಲ್ಲಿ ಎಂದು ಕೇಳಿದರೇ ಹೊರತು ಇಲ್ಲ ಎನ್ನಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ ಮುಂದೆ ಹೋಗುತ್ತಿದ್ದರೆಂದು ಹಲ್ಲು ಕಚ್ಚಿ ಸುಮ್ಮನಾದೆ.

ದಾರಿಯಲ್ಲಿ ಭತ್ತದ ಗದ್ದೆಗಳು ದಾಟಿ ಕಾಡು ಶುರುವಾಯಿತು. ಹಳ್ಳದ ಮೇಲಿನ ಒಂದು ಸಣ್ಣ ಪೂಲಿನ ಹತ್ತಿರ ಇವರು ಟ್ರ್ಯಾಕ್ಸು ನಿಲ್ಲಿಸಿ ಇಳಿಸಿದರು. ರಸ್ತೆ ಅಲ್ಲಿ ನೆಟ್ಟಗಿತ್ತು. ಎರಡೂ ಬದಿಗೆ ಮರಗಳು. ಒಂದು ಗೀರು ಇಲ್ಲ, ಒಂದು ಎಸಳು ಹುಲ್ಲಿಲ್ಲ. ಅತ್ತೆ ಸುತ್ತಲೂ ನೋಡಿದರು.

“ಇಲ್ಲಿ ಗದ್ದಿ ಎಲ್ಲೈತೋ ಬಾಳ್ಯಾ? ಹುಲ್ಲ ಯಾರ ಹಾಸಿದ್ರು?”

“ಗಾಳಿಗಿ ಹಾರಿ ಬಂದಿರಬೇಕವ್ವಾ.”

ಅತ್ತೆ ಬುತ್ತಿ ಬಿಚ್ಚಿ ಮೊಸರನ್ನದ ಮುಟಗಿ ಮಾಡಿ ಕೈಯಲ್ಲಿ ಹಿಡಿದುಕೊಂಡರು. ಮಗನನ್ನು ರಸ್ತೆಯ ಬದಿಗೆ ನಿಲ್ಲಿಸಿದರು.

“ಅಂಜಿಕಿ ಎಲ್ಲಿ ಹತ್ತಿತು?”

“ಇಲ್ಲೇ.”

“ಎಲ್ಲಿ ಹತ್ತಿತು?”

“ಇಲ್ಲೇ” ಎಂದದ್ದು ನನಗೂ ಸರಿಯಾಗಿ ಕೇಳಿಸಲಿಲ್ಲ.

“ಎಲ್ಲಿ ಹತ್ತಿತು?”

ಇವರ ಕಣ್ಣು ಅವ್ವನ ಕೈಯ ಮೇಲಿತ್ತು. ಕಂಡಿಕೆ ಸುತ್ತಿ ಸುತ್ತಿ ಬೆರಳು ಸೊಟ್ಟಗಾದ ಕೈ. ಅದರಲ್ಲಿ ಅನ್ನದ ಮುಟಗಿ. ತಪ್ಪು ಜಾಗದಲ್ಲಿ ಇಳಿಸಿದ ಅಂಜಿಕೆ ಆ ಕೈಗೇ ಹತ್ತುತ್ತದೆ. ಪೊಲೀಸರಿಗೆ ಹೆದರಿ ಇಷ್ಟು ದಿನ ಮುಚ್ಚಿಟ್ಟ ಮನುಷ್ಯ ಅವ್ವನ ಕೈ ನೋಡಿ ಸೋತ.

“ಇಲ್ಲಲ್ಲವ್ವಾ” ಎಂದರು ಕೊನೆಗೆ. “ಇನ್ನೊಂದೀಟ ಮುಂದ.”

ಅತ್ತೆ ಮುಟಗಿಯನ್ನು ಮತ್ತೆ ಬುತ್ತಿಯಲ್ಲಿ ಇಟ್ಟುಕೊಂಡು ಮಗನ ಹಿಂದೆ ನಡೆದರು. ಯಾಕೆ ಮೊದಲು ಸುಳ್ಳು ಹೇಳಿದೆ ಎಂದು ಕೇಳಲೇ ಇಲ್ಲ. ಹಾಗೆ ಕೇಳದೆ ಇದ್ದದ್ದೇ ನನ್ನನ್ನು ಹೆಚ್ಚು ಹೆದರಿಸಿತು. ಆಕೆಗೂ ಖಾರಿಯ ಮಾತು ನೆನಪಿರಲೇಬೇಕಲ್ಲ.

ರಸ್ತೆ ಏರುತ್ತ ಹೋಗಿ ಬಲಕ್ಕೆ ಹೊರಳಿತು. ಮೇಲಿನಿಂದ ಇಳಿಯುವವರಿಗೆ ಈಚೆ ಏನಿದೆ ಎಂದು ಕಾಣದ ತಿರುವು. ಅಲ್ಲಿ ಡಾಂಬರಿನ ಮೇಲೆ ಬಿಳಿ ಗೀರಿತ್ತು. ಅಂಚಿನ ಹುಲ್ಲಿನಲ್ಲಿ ಕನ್ನಡಿಯ ಚೂರು, ಪುಡಿಯಾದ ಟೋಸ್ಟು, ಅದರ ತುಂಬ ಇರುವೆ. ಒಬ್ಬ ಹೆಂಗಸು ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಲೆಯ ಮೇಲೆ ನಿಂಬೆಹಣ್ಣು ಇಡುತ್ತಿದ್ದಳು. ಪಕ್ಕದಲ್ಲಿ ಒಂದು ಮೊಟ್ಟೆ. ನಮ್ಮ ಬುತ್ತಿ, ಇವರ ಪಟ್ಟಿ ಕಟ್ಟಿದ ಕೈ ನೋಡಿ ಆಕೆಗೆ ಅರ್ಥವಾಯಿತು. ಅಂದರೆ, ಅರ್ಥವಾಯಿತೆಂದು ಆಕೆ ತಿಳಿದುಕೊಂಡಳು.

“ನಿಮ್ಮವ್ರೂ ಇಲ್ಲೇ ಬಿದ್ರೇನ್ರಿ ಯವ್ವಾ?”

“ಹೂಂ ತಂಗಿ. ನನ್ನ ಮಗ.” ಅತ್ತೆಯ ದನಿ ಇಳಿದಿತ್ತು. “ನೀ ಯಾರು?”

“ಬೀಬಿಜಾನ ಅಂತ್ರಿ. ಇಲ್ಲೇ ಕೆಳಗಿನ ಊರಾಗ ನಮ್ಮ ಮನಿ. ನಮ್ಮ ಮನ್ಯಾವ್ರನ್ನ ಇಲ್ಲೇ ಹೊಡದ ಹ್ವಾದ್ರು. ಕಾಲ ಮುರದೈತಿ. ಬಸ್ ಬರೂತನಾ ಇಲ್ಲೇ ಬಿದ್ದಿದ್ರು. ಈಗ ಬೆಳಗಾಂವಿ ದವಾಖಾನ್ಯಾಗ ಅದಾರ.” ಆಕೆ ಎದ್ದು ಬಂದು ಇವರ ಮೊಣಕೈ ನೋಡಿದಳು. “ನೀವು ಯಾವತ್ತ ಬಿದ್ರಿ ಅಣ್ಣಾ?”

ಭಾನುವಾರ ಎಂದರು ಅತ್ತೆ.

ಬೀಬಿಜಾನಳ ಮುಖ ಅರಳಿತು. ಅದನ್ನು ನೋಡಲು ನನ್ನಿಂದಾಗಲಿಲ್ಲ. “ಹಂಗಾರ ಅದೇ ಹಾದರಕ್ಕ ಹುಟ್ಟಿದಾಂವ ನಿಮ್ಮನ್ನೂ ಹೊಡದಾನ! ಅಣ್ಣಾ, ನೀವು ಅವನ್ನ ನೋಡಿದ್ರೇನು? ನೋಡಿದ್ರ ಒಂದ ಮಾತ ಬಂದ ಹೇಳ್ರಿ. ಎಲ್ಲಾರೂ ನಮ್ಮ ಮನ್ಯಾವ್ರಿಗೇ ಕಿವುಡ ಅನ್ನಾಕತ್ಯಾರ. ಈಗ ಅವ್ರೂ ಹಂಗೇ ಅನ್ನಾಕತ್ಯಾರ್ರೀ. ನನ್ನ ಕಿವಿ ಹ್ವಾದ್ವು, ಸೈಕಲ್ ಮಾರಿಬಿಡು, ಇನ್ನ ನಾ ರೋಡಿಗಿ ಬರೂದಿಲ್ಲ ಅಂತಾರ. ಮಾತ ಬಿಟ್ಟಾರ. ನರ್ಸಬಾಯಿ ಸೈತ ಕಿವ್ಯಾಗ ಒದರತಾಳ.”

ಅಷ್ಟು ದಿನ ನಾನು ಬೆನ್ನು ಹತ್ತಿದ್ದ ನಿಜ ನನ್ನ ಮುಂದೆಯೇ ನಿಂತಿತ್ತು. ಆಗ ನನಗೆ ಅನಿಸಿದ್ದೇನು ಗೊತ್ತೇ? ಇವರು ಬಾಯಿ ಬಿಡದಿರಲಿ ದೇವರೇ ಎಂದು. ‘ನೋಡಲಿಲ್ಲ’ ಎನ್ನಲಿ, ನಾವು ಟ್ರ್ಯಾಕ್ಸು ಹಿಡಿದು ಮನೆ ಸೇರೋಣ, ಮಕ್ಕಳು ಸಾಲೆಯಿಂದ ಬರುವ ಹೊತ್ತಾಯಿತು ಎಂದು. ಇವರು ಒಪ್ಪಿಕೊಂಡರೆ ಜೈಲು ಇವರೊಬ್ಬರಿಗೇ ಅಲ್ಲ. ಗಂಡನ ಸುಳ್ಳಿಗೆ ಹಿಡಿ ಶಾಪ ಹಾಕಿಕೊಂಡು ಬಂದವಳು ನಾನು, ಈಗ ಅದೇ ಸುಳ್ಳಿಗಾಗಿ ದೇವರನ್ನು ಬೇಡುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಕೆ ಆಯಿತು, ಆದರೂ ಬೇಡುವುದನ್ನು ಬಿಡಲಿಲ್ಲ.

“ನಾ... ಸರಿಯಾಗಿ ಕಾಣಲಿಲ್ಲ” ಎಂದರು ಇವರು. ಕೈ ಮೂಗಿಗೆ ಹೋಯಿತು.

“ಹೋಗ್ಲಿ ಬಿಡ್ರಿ. ನಿಮಗರ ಎಲ್ಲಿಂದ ಕಾಣಬೇಕು ಪಾಪ, ಬಿದ್ದಾವ್ರಿಗೆ.” ಬೀಬಿಜಾನ ಮೊಟ್ಟೆ ಎತ್ತಿಕೊಂಡಳು. “ಮಾರಿ ನೋಡ್ರಿ, ಹೆಂಗ ಬಿಳಚೈತಿ. ಬರ್ರಿ, ಇಲ್ಲಿ ನಿಂದರ್ರಿ. ನಮ್ಮ ಮನ್ಯಾವ್ರ ಸಲುವಾಗಿ ಹೆಂಗೂ ಬಂದೀನಿ, ನಿಮ್ಮದೂ ಇಳಿಸಿಬಿಡ್ತೀನಿ.”

ಆಕೆ ಇವರ ಮುಂದೆ ನಿಂತು ಮೊಟ್ಟೆಯ ಕೈಯನ್ನು ಇವರ ತಲೆಯ ಮೇಲೆತ್ತಿದಳು. ಒಂದು ಸುತ್ತು ಅರ್ಧ ಆಗಿತ್ತೋ ಇಲ್ಲವೋ, ಇವರು ಹಿಂದಕ್ಕೆ ಜಿಗಿದು ಆಕೆಯ ಕೈ ಸರಿಸಿದರು.

“ಬ್ಯಾಡ್ರಿ! ನನ್ನದು ನಿಮಗ ಹತ್ತತೈತಿ. ಬ್ಯಾಡ್ರಿ ಯಕ್ಕಾ, ನಾನೇ... ನಾನೇ ಅವ್ರನ್ನ ಹೊಡದಾಂವ.”

ಆಮೇಲೆ ಇವರು ನಿಲ್ಲಿಸದೆ ಮಾತಾಡಿದರು. ಮೇಲಿನ ಏರು ಮುಗಿದಲ್ಲೇ ಚಾವಿ ಬಂದ್ ಮಾಡಿದ್ದರಂತೆ. ತಿರುವಿನಲ್ಲಿ ಬ್ರೇಕು ಹಿಡಿದರೆ ಪೂಲಿನವರೆಗೆ ಉರುಳುವುದಿಲ್ಲವೆಂದು ಹಿಡಿಯಲಿಲ್ಲವಂತೆ. ಸೈಕಲ್ಲು ಕಂಡಾಗ ಹಾರ್ನ್ ಒತ್ತಿದರಂತೆ, ಚಾವಿ ಬಂದ್ ಇದ್ದ ಗಾಡಿಯ ಹಾರ್ನ್ ಕೂಗುತ್ತದೆಯೇ? ಬಿದ್ದು ಎದ್ದು ಗಾಡಿ ಚಾಲು ಮಾಡಿದರು. ಹಿಂದೆ ಚಾಂದಸಾಬ ಕೈ ಎತ್ತಿ ಕರೆಯುತ್ತಿದ್ದದ್ದು ಉಳಿದ ಒಂದು ಕನ್ನಡಿಯಲ್ಲಿ ಕಂಡಿತು. ಕಂಡೂ ಬಂದರು. ಅವರ ಕೂಗು ಇವರಿಗೆ ಕೇಳಿಸಿತ್ತು, ಇವರ ಗಾಡಿಯ ಸಪ್ಪಳ ಅವರಿಗೆ ಕೇಳಿರಲಿಲ್ಲ. ಅಷ್ಟೇ ವ್ಯತ್ಯಾಸ.

ಬೀಬಿಜಾನ ಬೈಯಬಹುದು, ಹೊಡೆಯಬಹುದು ಎಂದುಕೊಂಡೆ. ಆಕೆ ಮೊಟ್ಟೆಯನ್ನು ಎಲೆಯ ಮೇಲಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಇವರನ್ನು ಏಕವಚನದಲ್ಲಿ ಮಾತಾಡಿಸಿದಳು.

“ನನ್ನ ಮುಂದ ಅಳಬ್ಯಾಡ. ನನಗ ನಿನ್ನ ಅಳು ಬೇಕಾಗಿಲ್ಲ. ನಡಿ, ಅವ್ರ ಮುಂದ ಬಂದ ಹೇಳು. ಆಮ್ಯಾಲ ಪೊಲೀಸ್ರ ಮುಂದ.”

ನಾನು ಏನೋ ಹೇಳಲು ಹೋದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು. “ನಡಿ ಬಾಳ್ಯಾ” ಎಂದರು. ಬುತ್ತಿಯ ಅನ್ನ ಯಾರಿಗೂ ನಿವಾಳಿಸದೆ ಹಾಗೇ ವಾಪಸು ಬಂತು.

ನಾಲ್ವರೂ ಬೆಳಗಾವಿಗೆ ಬಂದೆವು. ದವಾಖಾನೆಯ ಉದ್ದನೆಯ ವಾರ್ಡು ರೋಗಿಗಳಿಂದ, ಅವರ ಕಡೆಯವರಿಂದ ತುಂಬಿತ್ತು. ಚಾಂದಸಾಬ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಾಜು ಮಂಚದವನು ನಮ್ಮನ್ನು ನೋಡಿ, “ಜೋರಾಗಿ ಮಾತಾಡ್ರಿ, ಮುತ್ಯಾಗ ಕಿವಿ ಕೇಳೂದಿಲ್ಲ” ಎಂದು ಬುದ್ಧಿ ಹೇಳಿದ. ಸುತ್ತಲಿನವರು ನಕ್ಕರು. ಚಾಂದಸಾಬ ತಿರುಗಿ ನೋಡಲಿಲ್ಲ.

ನನ್ನ ಗಂಡ ಮಂಚದ ಪಕ್ಕ ನೆಲಕ್ಕೆ ಕೂತರು. ತಲೆ ತಗ್ಗಿಸಿ, ಮಂಚದ ಪಟ್ಟಿ ಹಿಡಿದುಕೊಂಡು, ಬೇರೆ ಯಾರಿಗೂ ಕೇಳಬಾರದೆಂದು ಪಿಸುಮಾತಿನಲ್ಲಿ ಎಲ್ಲ ಹೇಳಿದರು. ಹಿಂದೆಯೇ ನಿಂತಿದ್ದ ನನಗೇ ಅರ್ಧ ಕೇಳಿಸಲಿಲ್ಲ. ಚಾವಿ ಎಂದದ್ದು ಕೇಳಿಸಿತು, ಹಾರ್ನ್ ಎಂದದ್ದು ಕೇಳಿಸಿತು.

ಚಾಂದಸಾಬ ನಿಧಾನ ತಲೆ ಹೊರಳಿಸಿದರು. ಕಣ್ಣು ತುಂಬಿತ್ತು. ಹೆಂಡತಿಯ ಕಡೆ ನೋಡಿದರು, ನಕ್ಕವರ ಕಡೆ ಒಬ್ಬೊಬ್ಬರನ್ನೇ ನೋಡಿದರು, ಕೊನೆಗೆ ನನ್ನ ಗಂಡನನ್ನು ನೋಡಿದರು.

“ಮತ್ತೊಮ್ಮೆ ಹೇಳು.”

“ಕೇಳಲಿಲ್ಲೇನ್ರಿ?” ಎಂದರು ಇವರು ಗಾಬರಿಯಾಗಿ.

“ನನಗ ಎಲ್ಲಾ ಕೇಳ್ಸೈತಿ” ಎಂದರು ಚಾಂದಸಾಬ. “ಎದ್ದ ನಿಂತು ಜೋರಾಗಿ ಹೇಳು. ಇವ್ರಿಗೆ ಕೇಳಬೇಕು.”

ನನ್ನ ಗಂಡ ಎದ್ದು ನಿಂತು, ವಾರ್ಡಿನ ಕಡೆ ತಿರುಗಿ, ಮೊದಲಿನಿಂದ ಹೇಳತೊಡಗಿದರು.